ಸಾದಾ, ಸ್ಪೀಡ್, ಹೈಸ್ಪೀಡ್

ಅಳಿಯನ ಹೊಸ ಕಾರು ಸತ್ತೇಹೋಯಿತು ಎಂದು ಮೂಸಾರಿಗೆ ಮೊದಲ ಸಲ ಅನಿಸಿದ್ದು ಬಿ.ಸಿ.ರೋಡಿನ ಸರ್ಕಲ್ಲಿನಲ್ಲಿ. ಎದುರಿಗೆ ಬಸ್ಸೊಂದು ಅಡ್ಡ ನಿಂತಿತ್ತು. ಅಳಿಯ ಅಶ್ರಫ್ ಬ್ರೇಕ್ ಒತ್ತಿದ. ಒತ್ತಿದ್ದೇ ತಡ, ಇಂಜಿನ್ನಿನ ಸದ್ದು ಅಡಗಿತು. ಹಿಂದಿನ ಸೀಟಿನಲ್ಲಿ ಏಳು ತಿಂಗಳ ಬಸುರಿ ಮಗಳು ಶಿಫಾನಾ ಉಮ್ಮ ಸಾಲಿಹಾರ ಭುಜಕ್ಕೆ ತಲೆಯಿಟ್ಟು ತೂಕಡಿಸುತ್ತಿದ್ದಳು. ಮೂಸಾ ಬಾಗಿಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಸ್ಸು ಸರಿದ ಕೂಡಲೇ ಕಾರು ತಾನಾಗಿಯೇ ಸದ್ದು ಮಾಡಿ ಹೊರಟಿತು. ಅಶ್ರಫ್ ಏನೂ ಆಗದವನಂತೆ ಸ್ಟೇರಿಂಗ್ ತಿರುಗಿಸಿದ.

ಬೇರೆ ಯಾರದ್ದಾದರೂ ಕಾರಾಗಿದ್ದರೆ ಮೂಸಾ ಅಲ್ಲೇ ಕೇಳಿಬಿಡುತ್ತಿದ್ದರು. ಬಿ.ಸಿ.ರೋಡಿನಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟ ಮನುಷ್ಯ. ಬಾಯಿ ಮುಚ್ಚಿಕೊಂಡು ವ್ಯಾಪಾರ ಮಾಡಿದವರಲ್ಲ. ಆದರೆ ಇದು ಪುದಿಯಾಪ್ಳೆಯ ಕಾರು. ಪುದಿಯಾಪ್ಳೆ ಎಂದರೆ ಮದುಮಗ. ಬ್ಯಾರಿಗಳ ಮನೆಯಲ್ಲಿ ಮದುವೆ ಹಳತಾಗುತ್ತದೆ, ಮದುಮಗ ಹಳಬನಾಗುವುದಿಲ್ಲ. ಗಡ್ಡ ನರೆತ ಮೇಲೂ ಹೆಂಡತಿಯ ಮನೆಗೆ ಅವನು ಪುದಿಯಾಪ್ಳೆಯೇ. ಅವನಿಗೆ ಕೋಳಿಯ ಒಳ್ಳೆಯ ತುಂಡು, ಹೊಸ ಹಾಸಿಗೆ ಬಟ್ಟೆ, ಫ್ಯಾನಿನ ಕೆಳಗಿನ ಕುರ್ಚಿ. ಅವನ ಮುಖ ನೋಡಿ ‘ನೀವು ಮಾಡಿದ್ದು ಸರಿಯಿಲ್ಲ’ ಎನ್ನುವ ಮಾತೊಂದು ಮಾತ್ರ ಇಲ್ಲ. ಮದುವೆಯಾದಂದಿನಿಂದ ಮಾವ ಅಳಿಯ ನೇರವಾಗಿ ಆಡಿದ್ದು ಸಲಾಮು ಮತ್ತು “ಇನ್ನೊಂದು ಪತ್ತಿರ್ ಹಾಕಿಸಿಕೊಳ್ಳಿ” ಎಂಬ ಅಕ್ಕಿರೊಟ್ಟಿಯ ಉಪಚಾರದ ಮಾತಷ್ಟೇ. ಉಳಿದ ಮಾತೆಲ್ಲ ಹೆಂಗಸರ ಮೂಲಕ ಆಚೆ ಈಚೆ ಹೋಗುತ್ತಿತ್ತು.

ಅಶ್ರಫ್ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಆ ವರ್ಷ, ಎರಡು ಸಾವಿರದ ಒಂಬತ್ತರಲ್ಲಿ, ಹೈಬ್ರಿಡ್ ಕಾರು ಎಂಬುದನ್ನು ಬಂಟ್ವಾಳದ ಕಡೆ ಯಾರೂ ನೋಡಿರಲಿಲ್ಲ. ಪೆಟ್ರೋಲಿನ ಇಂಜಿನ್ನಿಗೆ ಬ್ಯಾಟರಿಯ ಮೋಟಾರು ಕೈಜೋಡಿಸುವ ಗಾಡಿ. ಕಂಪನಿಯವರು ಬೆಲೆ ಇಳಿಸಿದ್ದೇ ಅಶ್ರಫ್ ಆಸೆಪಟ್ಟು ಕೊಂಡಿದ್ದ. ನೆರೆಮನೆಯ ಜಲಜಾಕ್ಷಿ ಮಾತ್ರ, “ಹಾಗಾದ್ರೆ ರಾತ್ರಿ ಮೊಬೈಲಿನ ಹಾಗೆ ಚಾರ್ಜಿಗೆ ಇಡ್ಬೇಕಾ?” ಎಂದು ಕೇಳಿ ನಗಾಡಿದ್ದಳು.

ಹೆರಿಗೆಗೆ ತವರಿಗೆ ಬಂದ ಶಿಫಾನಾಳನ್ನು ನೋಡಲು ಅಶ್ರಫ್ ಪ್ರತಿ ಶನಿವಾರ ಬರುತ್ತಿದ್ದ. ಅಂಥ ಒಂದು ಶನಿವಾರ ಹೆಂಡತಿ ಸಾಲಿಹಾ ಅಡುಗೆಮನೆಯಲ್ಲಿ ಪತ್ತಿರ್ ಲಟ್ಟಿಸುತ್ತಿದ್ದಾಗ ಮೂಸಾ ಬಾಗಿಲಲ್ಲಿ ನಿಂತರು.

“ಅವ ಕಾರಿಗೆ ಎಂತ ಹಾಕುವುದು ಅಂತ ಕೇಳಿಸು.”

“ಎಂತ ಹಾಕುದು? ಪೆಟ್ರೋಲು.”

“ಪೆಟ್ರೋಲಿನಲ್ಲಿ ಎರಡುಂಟು ಮಾರಾಯ್ತಿ. ಸಾದಾ ಒಂದು, ಸ್ಪೀಡ್ ಒಂದು.”

ಯಾವ ಬಂಕಿನದ್ದೇ ಆಗಲಿ, ದುಬಾರಿ ಪೆಟ್ರೋಲಿಗೆ ಬಿ.ಸಿ.ರೋಡಿನವರು ಸ್ಪೀಡ್ ಎಂದೇ ಹೇಳುತ್ತಿದ್ದರು. ಸಾದಾಕ್ಕಿಂತ ಅದು ಶುದ್ಧ, ಇಂಜಿನ್ನಿಗೆ ಒಳ್ಳೆಯದು ಎಂಬ ಮಾತಿತ್ತು.

ಚಾ ಕುಡಿಯುತ್ತಿದ್ದ ಮಗ ಫಯಾಝ್ ತಲೆಯೆತ್ತಿದ. ಅಪ್ಪನ ಜೊತೆ ಅಂಗಡಿ ನೋಡಿಕೊಳ್ಳುವ ಅವನಿಗೆ ಭಾವನ ಕಾರು ಓಡಿಸುವುದೆಂದರೆ ಪ್ರಾಣ. “ಬಂಕಿಗೆ ಹೋಗುವಾಗ ನಾನೂ ಇದ್ದೆ ಉಪ್ಪ. ಅಶ್ರಫಾಕ ಸಾದಾ ಹಾಕಿಸಿದ್ರು.”

“ಕೇಳಿದೆಯಾ? ಅಷ್ಟು ದೊಡ್ಡ ಕಾರಿಗೆ ಸಾದಾ! ಮತ್ತೆ ಅದು ದಾರಿಯಲ್ಲಿ ಸಾಯದೆ ಎಂತ ಮಾಡ್ತದೆ?”

“ಸಾಯುದಲ್ಲ. ಗಾಡಿ ನಿಂತಾಗ ಇಂಜಿನ್ ತಾನೇ ಆಫ್ ಆಗ್ತದೆ, ಬ್ರೇಕಿಂದ ಕಾಲು ತೆಗೆದ್ರೆ ಪುನಃ ಸ್ಟಾರ್ಟ್. ಪೆಟ್ರೋಲ್ ಉಳಿಸ್ಲಿಕ್ಕೆ ಹಾಗೆ ಮಾಡಿಟ್ಟದ್ದು.”

“ಒಂದು ದಿನ ಸ್ಟಾರ್ಟ್ ಆಗದಿದ್ದರೆ?”

“ಆಗ್ತದೆ ಉಪ್ಪ.”

“ಆಗದಿದ್ದರೆ, ಅಂತ ಕೇಳಿದ್ದು ನಾನು!”

ಸಾಲಿಹಾ ಲಟ್ಟಣಿಗೆಯಿಂದ ಮಣೆಗೆ ಕುಟ್ಟಿದರು. “ಮೆಲ್ಲ ಮಾತಾಡಿ. ಪುದಿಯಾಪ್ಳೆ ಹೊರಗೆ ಕೂತಿದ್ದಾರೆ.”

ಮೂಸಾರ ಹೆದರಿಕೆಗೆ ಕಾರಣವಿತ್ತು. ಆ ವಾರವೇ ಮಂಗಳೂರಿನ ಡಾಕ್ಟರಮ್ಮ ಶಿಫಾನಾಳ ಬಿ.ಪಿ. ನೋಡಿ ಮುಖ ಸಣ್ಣದು ಮಾಡಿದ್ದರು. ಕಾಲು ಬಾತಿದೆ, ಉಪ್ಪು ಕಡಿಮೆ ಮಾಡಿ, ತಲೆನೋವು ಜೋರಾದರೆ, ಕಣ್ಣು ಮಂಜಾದರೆ ಒಂದು ಗಳಿಗೆಯೂ ಕಾಯಬೇಡಿ, ತಡವಾದರೆ ತಾಯಿ ಮಗು ಇಬ್ಬರಿಗೂ ಕಷ್ಟ ಎಂದಿದ್ದರು. ಅಂದಿನಿಂದ ಮೂಸಾರಿಗೆ ಅಂಗಡಿಯಲ್ಲಿ ಕೂತರೂ ಒಂದೇ ಯೋಚನೆ. ಮನೆಯಿಂದ ಮಂಗಳೂರಿಗೆ ಹೆದ್ದಾರಿ, ಹೆದ್ದಾರಿಯ ತುಂಬ ಲಾರಿ, ಆ ಲಾರಿಗಳ ಮಧ್ಯೆ ಉಸಿರು ನಿಂತ ಕಾರು.

ಅವರ ಮಾತು ಸಾಲಿಹಾರ ಬಾಯಿಯಿಂದ ಶಿಫಾನಾಳಿಗೆ ಹೋಯಿತು. ಶಿಫಾನಾ ಗಂಡನ ಮುಂದೆ ಅದನ್ನು ಬೆಣ್ಣೆ ಹಚ್ಚಿ ಇಟ್ಟಳು.

“ಉಪ್ಪನಿಗೆ ನಿಮ್ಮ ಕಾರು ಭಾರಿ ಇಷ್ಟ ಆಗಿದೆ. ಇಂಥ ಕಾರಿಗೆ ಸ್ಪೀಡ್ ಹಾಕಿದ್ರೆ ಇನ್ನೂ ಒಳ್ಳೆಯದು ಅಂತ ಹೇಳ್ತಿದ್ರು.”

ಅಶ್ರಫ್ ನಕ್ಕ. “ಕಾರಿನ ಜೊತೆ ಬಂದ ಪುಸ್ತಕದಲ್ಲೇ ಉಂಟು, ಸಾದಾ ಸಾಕು ಅಂತ. ಸಾದಾಕ್ಕೆ ಅಂತಲೇ ಮಾಡಿದ ಇಂಜಿನ್ನಿಗೆ ಸ್ಪೀಡ್ ಹಾಕಿದ್ರೆ ಬಂಕಿನವನಿಗೆ ಲಾಭ, ನಮಗೆ ಏನೂ ಇಲ್ಲ. ಮಾಮನಿಗೆ ಹಾಗೆ ಹೇಳು.”

ಹಾಗೆ ಹೇಳಿದರೆ ಉಪ್ಪನಿಗೆ ಅವಮಾನವಾದೀತು ಎಂದು ಶಿಫಾನಾಳಿಗೆ ಹೆದರಿಕೆ. ಉಮ್ಮನಿಗೆ ಅವಳು ಹೇಳಿದ್ದು, “ಆಯ್ತು, ನೋಡುವ ಅಂತ ಹೇಳಿದ್ರು.” ಮೂಸಾ ನೋಡುತ್ತಾ ಕೂತರು. ಮುಂದಿನ ಶನಿವಾರವೂ ಕಾರು ಸಾದಾ ಕುಡಿದೇ ಬಂತು. ಅಳಿಯ ಒಪ್ಪಿಯೂ ಮಾಡುತ್ತಿಲ್ಲ ಎಂದು ಅವರೊಳಗೆ ಸಿಟ್ಟು. ಊಟದ ಹೊತ್ತಿಗೆ ಅಳಿಯನ ತಟ್ಟೆಗೆ ಬಂಗುಡೆ ಸರಿಸುತ್ತಾ ಎರಡು ಸಲ ಗಂಟಲು ಸರಿಮಾಡಿಕೊಂಡರು. ಬಾಯಿಂದ ಹೊರಬಿದ್ದದ್ದು ಮಾತ್ರ “ಇನ್ನೊಂದು ಪತ್ತಿರ್ ಹಾಕಿಸಿಕೊಳ್ಳಿ.”

ಅವನು ಹೊರಟ ಮೇಲೆ ಮಗನ ಮೇಲೆ ಹಾರಿದರು. “ನೀನಾದ್ರೂ ಹೇಳ್ಬಾರದಾ? ಅವನ ಜೊತೆ ದಿನವಿಡೀ ತಿರುಗ್ತೀಯಲ್ಲ!”

“ಎಂತ ಹೇಳುದು ಉಪ್ಪ? ಅವರು ಫಿಸಿಕ್ಸ್ ಕಲಿಸುವವರು. ನಾನು ಪಿಯುಸಿ ಫೇಲು.”

“ಶಿಫಾಳ ಹೊಟ್ಟೆಯಲ್ಲಿರುವುದು ಫಿಸಿಕ್ಸಾ?”

“ಸಾಕು ಮಾಡಿ, ಅವಳಿಗೆ ಕೇಳ್ತದೆ,” ಎಂದು ಸಾಲಿಹಾ ಗದರಿದರು. ಒಳಗಿನ ಕೋಣೆಯಲ್ಲಿ ಶಿಫಾನಾ ಬಾತ ಕಾಲನ್ನು ದಿಂಬಿನ ಮೇಲಿಟ್ಟು ಎಲ್ಲವನ್ನೂ ಕೇಳುತ್ತಾ ಮಲಗಿದ್ದಳು. ಅವಳಿಗೂ ಹೆದರಿಕೆಯೇ. ಆದರೆ ಅವಳು ಹೆದರಿದರೆ ಬಿ.ಪಿ. ಏರುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ ಅವಳಿಗೆ ಹೆದರುವ ಹಾಗೂ ಇರಲಿಲ್ಲ.

ಎಂಟು ತಿಂಗಳು ತುಂಬಿದಾಗ ಅಶ್ರಫ್ ಕಾರನ್ನು ಬಂಟ್ವಾಳದಲ್ಲೇ ಬಿಟ್ಟ. ತಾನು ಸಿದ್ದಕಟ್ಟೆಯ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗುತ್ತೇನೆ, ಅವಸರಕ್ಕೆ ಗಾಡಿ ಇಲ್ಲೇ ಇರಲಿ ಎಂದ. ಕೀ ಫಯಾಝ್‌ಗೆ ಕೊಟ್ಟು, “ಪೆಟ್ರೋಲ್ ಕಾಲು ಟ್ಯಾಂಕ್ ಉಂಟು. ಬೇಕಾದ್ರೆ ಸಾದಾ ಹಾಕಿಸು, ಸಾಕು. ನಿಂತಲ್ಲಿ ಇಂಜಿನ್ ಆಫ್ ಆದ್ರೆ ಹೆದರ್ಬೇಡ, ಮಾಮಿಗೂ ಹೇಳು,” ಎಂದ. ಅಷ್ಟು ದೊಡ್ಡ ಉಪಕಾರಕ್ಕೆ ಮೂಸಾ ಮನಸ್ಸಿನಲ್ಲೇ ಅಳಿಯನಿಗಾಗಿ ದುವಾ ಮಾಡಿದರು. ಆದರೆ ‘ಸಾದಾ’ ಎಂಬ ಒಂದು ಮಾತು ಅಲ್ಲೂ ಮುಳ್ಳಿನ ಹಾಗೆ ಚುಚ್ಚಿತು.

ಬುಧವಾರ ಅಂಗಡಿಗೆ ಬೀಗ ಹಾಕಿದ ಮೇಲೆ ಅವರು ಮಗನನ್ನು ಹೊರಡಿಸಿದರು. “ಬಂಕಿಗೆ ಹೋಗುವ. ಟ್ಯಾಂಕ್ ತುಂಬಿಸಿ ಇಡುವ.”

ಬಂಕಿನಲ್ಲಿ ಫಯಾಝ್ ಟ್ಯಾಂಕಿನ ಮುಚ್ಚಳ ತೆರೆದುಕೊಟ್ಟು, ಮೊಬೈಲಿಗೆ ರೀಚಾರ್ಜ್ ಮಾಡಿಸಲು ರಸ್ತೆ ದಾಟಿದ. ಮೂಸಾ ಮುಂದಿನ ಸೀಟಿನಲ್ಲಿ ಕೂತು ನೋಡುತ್ತಿದ್ದರು. ಅವರಿಗಿಂತ ಮುಂಚೆ ಒಂದು ಎತ್ತರದ ಹೊಳೆಯುವ ಗಾಡಿ ನಿಂತಿತ್ತು. ಅದರ ಕನ್ನಡಕದ ಯಜಮಾನ ಕೈ ಹೊರಗೆ ಹಾಕಿ, “ಹೈಸ್ಪೀಡ್, ಫುಲ್ ಮಾಡು,” ಎಂದ. ಮೂಸಾ ಕಿವಿ ನಿಮಿರಿಸಿದರು. ಸಾದಾ ಗೊತ್ತು, ಸ್ಪೀಡ್ ಗೊತ್ತು. ಸ್ಪೀಡಿಗಿಂತ ಮೇಲೆ ಹೈಸ್ಪೀಡ್ ಎಂಬುದೂ ಉಂಟೆಂದು ಯಾರೂ ಹೇಳಿರಲಿಲ್ಲ. ಅಪ್ಪಂದಿರು ಹೆಣ್ಣುಮಕ್ಕಳಿಗಾಗಿ ಏನೇನೋ ತರುತ್ತಾರೆ. ತನ್ನಿಂದ ಇಷ್ಟಾದರೂ ಆಗಲಿ ಎಂದುಕೊಂಡರು.

ಬಂಕಿನವನು ಬಂದು ಬಗ್ಗಿದ. “ಎಂತ ಹಾಕುದು?”

“ಹೈಸ್ಪೀಡ್. ಫುಲ್.”

ಅವನು ಹೋಗಿ ಪೈಪು ಎತ್ತಿಕೊಂಡ. ಆ ಕಾರನ್ನು ಅವನೂ ಮೊದಲ ಸಲ ನೋಡುತ್ತಿದ್ದ. ಹೈಸ್ಪೀಡ್ ಎಂದರೆ ಡೀಸೆಲ್ ಎಂಬುದು ಗಾಡಿಯವರಿಗೆಲ್ಲ ಗೊತ್ತಿರುವ ಸಂಗತಿ. ಅದನ್ನು ಯಾರೂ ಯಾರಿಗೂ ಬಿಡಿಸಿ ಹೇಳುವುದಿಲ್ಲ. ಮೂಸಾ ಜನ್ಮದಲ್ಲಿ ಸ್ಟೇರಿಂಗ್ ಮುಟ್ಟಿದವರಲ್ಲ.

ಫಯಾಝ್ ತಿರುಗಿ ಬಂದಾಗ ಮುಚ್ಚಳ ಹಾಕಿ ಆಗಿತ್ತು. “ಯಾವುದು ಹಾಕಿಸಿದ್ದು ಉಪ್ಪ?”

“ಒಳ್ಳೆಯದ್ದು.”

ಸ್ಪೀಡ್ ಎಂದುಕೊಂಡು ಫಯಾಝ್ ನಕ್ಕ. “ಅಶ್ರಫಾಕನಿಗೆ ಗೊತ್ತಾದ್ರೆ?”

“ನೀನು ಹೇಳ್ಬೇಡ.”

ಬಂಕಿನಿಂದ ಮನೆ ಒಂದು ಕೂಗಿನ ದೂರ. ಕಾರು ಏನೂ ತಿಳಿಸದೆ ಅಂಗಳಕ್ಕೆ ಬಂದು ನಿಂತಿತು. ಮೂಸಾ ಬಹಳ ದಿನಗಳ ನಂತರ ಸಮಾಧಾನದಿಂದ ಗಂಜಿ ಉಂಡರು.

ಶುಕ್ರವಾರ ಮಧ್ಯಾಹ್ನ ಮೂಸಾ ಮತ್ತು ಫಯಾಝ್ ಜುಮಾ ನಮಾಝು ಮುಗಿಸಿ ಬರುವಷ್ಟರಲ್ಲಿ ಶಿಫಾನಾ ಹಾಸಿಗೆಯಲ್ಲಿ ಎದ್ದು ಕೂತು ಎರಡೂ ಕೈಯಿಂದ ತಲೆ ಹಿಡಿದಿದ್ದಳು. “ಉಮ್ಮ, ಗೋಡೆಯ ಗಡಿಯಾರ ಎರಡೆರಡಾಗಿ ಕಾಣ್ತದೆ,” ಎಂದಳು. ಸಾಲಿಹಾ ತಕ್ಷಣ ಬುರ್ಖಾ ಹಾಕಿಕೊಂಡರು. ಮೂಡುಬಿದಿರೆಗೆ ಫೋನು ಹೋಯಿತು. ನಾನು ನೇರ ಮಂಗಳೂರಿಗೆ ಬರುತ್ತೇನೆ, ನೀವು ಹೊರಡಿ ಎಂದ ಅಶ್ರಫ್.

ಕಾರು ಸ್ಟಾರ್ಟ್ ಆಗಲು ಸ್ವಲ್ಪ ಸತಾಯಿಸಿತು. ಹೆದ್ದಾರಿಗೆ ಬಿದ್ದ ಮೇಲೆ ಕೆಮ್ಮಿತು.

“ಇದು ಎಂತ ಶಬ್ದ?” ಎಂದರು ಮೂಸಾ.

“ಎರಡು ದಿನ ನಿಂತ ಗಾಡಿ ಅಲ್ವಾ ಉಪ್ಪ. ಸರಿಯಾಗ್ತದೆ.”

ತುಂಬೆ ದಾಟುವಾಗ ಎದುರಿಗೆ ಲಾರಿಗಳು ಸಾಲಾಗಿ ನಿಂತಿದ್ದವು. ಫಯಾಝ್ ಬ್ರೇಕ್ ಒತ್ತಿದ. ಇಂಜಿನ್ ಸುಮ್ಮನಾಯಿತು. ಮೂಸಾ ಬಾಗಿಲಿನ ಹಿಡಿಗೆ ಕೈ ಹಾಕಿದರು. ಆದರೆ ಈ ಸಲ ಅವರು ಬಾಯಿ ತೆರೆಯಲಿಲ್ಲ. ಹೆದರಬೇಡಿ, ಅದು ಹಾಗೆಯೇ ಎಂದು ಎಷ್ಟು ಸಲ ಹೇಳಿಸಿಕೊಂಡಿದ್ದರು! ಲಾರಿಗಳು ಮುಂದೆ ಹೋದವು. ಫಯಾಝ್ ಕಾಲು ತೆಗೆದ. ಸದ್ದಿಲ್ಲ.

“ಈಗ ಸ್ಟಾರ್ಟ್ ಆಗ್ತದೆ,” ಎಂದ.

ಹಿಂದಿನವರು ಹಾರ್ನ್ ಹೊಡೆದು ಹೊಡೆದು ಪಕ್ಕದಿಂದ ದಾಟಿ ಹೋದರು. ಫಯಾಝ್ ಬ್ರೇಕ್ ಒತ್ತಿದ, ಬಿಟ್ಟ; ಮತ್ತೆ ಒತ್ತಿದ, ಬಿಟ್ಟ. ಭಾವ ಹೇಳಿಕೊಟ್ಟದ್ದು ಅಷ್ಟೇ. ಇಂಥ ಕಾರಿನ ಮೌನಕ್ಕೆ ಹೆದರಬಾರದೆಂದು ಕಲಿತವರು, ಕಲಿತದ್ದನ್ನು ನಂಬಿ ಕೂತರು. ಹಾಗೆ ಕೂತು ಹೋದ ಹೊತ್ತು ಎಷ್ಟೆಂದು ಆಮೇಲೆ ಒಬ್ಬೊಬ್ಬರೂ ಒಂದೊಂದು ಹೇಳಿದರು. ಕೊನೆಗೆ ಫಯಾಝ್ ಕೀ ತಿರುಗಿಸಿದಾಗ ಕಾರು ಬಿಕ್ಕಳಿಸಿ, ಹಿಂದಿನಿಂದ ದಟ್ಟ ಬಿಳಿ ಹೊಗೆ ಬಿಟ್ಟು, ಪೂರ್ತಿ ಸತ್ತಿತು. ಅದೇ ಹೊತ್ತಿಗೆ ಸಾಲಿಹಾ ಕಿರುಚಿದರು. ಶಿಫಾನಾಳ ಹಲ್ಲು ಕಚ್ಚಿಕೊಂಡಿತ್ತು, ಕೈಕಾಲು ಸೆಟೆದು ಅದುರುತ್ತಿತ್ತು.

ಮೂಸಾ ಹೆದ್ದಾರಿಯ ನಡುವೆ ಹೋಗಿ ಎರಡೂ ಕೈ ಎತ್ತಿ ನಿಂತರು. ಮಂಗಳೂರಿನ ಸರ್ವಿಸ್ ಬಸ್ಸೊಂದು ಅವರ ಮೂಗಿನ ಮುಂದೆ ಬಂದು ಕಿರ್ರೆಂದು ನಿಂತಿತು. ಡ್ರೈವರ್ ಭೋಜ ಅವರ ಅಂಗಡಿಯಲ್ಲಿ ಪಾತ್ರೆ ಕೊಂಡವನೇ. ಬಯ್ಯಲೆಂದು ತೆರೆದ ಬಾಯಿಯನ್ನು ಅವನು ಅರ್ಧಕ್ಕೇ ಮುಚ್ಚಿದ.

“ಎಂತಾಯ್ತು ಮೂಸಾಕ?”

“ಮಗಳು... ಮಗಳು ಭೋಜ...” ಮೂಸಾ ಕಾರಿನ ಕಡೆ ಕೈ ತೋರಿಸಿದರು.

ಪ್ರಯಾಣಿಕರೇ ಶಿಫಾನಾಳನ್ನು ಎತ್ತಿ ಉದ್ದ ಸೀಟಿನಲ್ಲಿ ಮಲಗಿಸಿದರು. ಮುಂದೆ ಎಲ್ಲೂ ನಿಲ್ಲಿಸುವುದಿಲ್ಲ, ಇಳಿಯುವವರು ಇಲ್ಲೇ ಇಳಿಯಿರಿ ಎಂದು ಭೋಜ ಕೂಗಿದ. ಒಬ್ಬರೂ ಇಳಿಯಲಿಲ್ಲ. ಫರಂಗಿಪೇಟೆ, ಅಡ್ಯಾರು, ಪಡೀಲು, ಎಲ್ಲ ಸ್ಟಾಪುಗಳಲ್ಲಿ ಕೈ ಅಡ್ಡ ಹಿಡಿದವರನ್ನು ಬಿಟ್ಟು ಬಸ್ಸು ಹಾರ್ನ್ ಹಿಡಿದುಕೊಂಡೇ ಓಡಿತು.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ಹುಟ್ಟಿದ ಕೂಡಲೇ ಅಳಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಶಿಫಾನಾಳಿಗೆ ಮರುದಿನ ಎಚ್ಚರವಾಯಿತು. ಇಬ್ಬರ ಜೀವಕ್ಕೂ ಅಪಾಯವಿಲ್ಲ ಎಂದ ಡಾಕ್ಟರಮ್ಮ, ಅಶ್ರಫ್‌ನನ್ನು ಬದಿಗೆ ಕರೆದು ಇನ್ನೊಂದು ಮಾತು ಹೇಳಿದರು. ಮಗುವಿಗೆ ಸ್ವಲ್ಪ ಹೊತ್ತು ಆಮ್ಲಜನಕ ಸಾಕಾಗಿಲ್ಲ. ಇಂಥ ಮಕ್ಕಳಲ್ಲಿ ಕೆಲವರಿಗೆ ಕಿವಿಗೆ ತೊಂದರೆಯಾಗುವುದುಂಟು. ಮೂರು ತಿಂಗಳಾದ ಮೇಲೆ ಕರೆದುಕೊಂಡು ಬನ್ನಿ, ಪರೀಕ್ಷೆ ಮಾಡಿ ನೋಡುವ.

ಅವನು ಆ ಕೋಣೆಯಿಂದ ಹೊರಗೆ ಬಂದಾಗ ಮೆಕ್ಯಾನಿಕನ ಫೋನು ಬಂತು. ಕೇಳಿಸಿಕೊಂಡು, ಬೆಂಚಿನ ಮೇಲೆ ಕೂತಿದ್ದ ಅಪ್ಪ ಮಗನ ಎದುರು ಬಂದು ನಿಂತ.

“ಟ್ಯಾಂಕಿನ ತುಂಬ ಡೀಸೆಲ್ ಉಂಟಂತೆ. ಯಾರು ಹಾಕಿಸಿದ್ದು ಫಯಾಝ್?”

ಫಯಾಝ್ ಅಪ್ಪನ ಕಡೆ ನೋಡಿದ. ಮೂಸಾರ ಮುಖದಲ್ಲಿ ರಕ್ತವಿರಲಿಲ್ಲ. ಆ ಗಳಿಗೆಯಲ್ಲೇ ಅವರಿಗೆ ಹೈಸ್ಪೀಡ್ ಎಂದರೆ ಏನೆಂದು ಗೊತ್ತಾದದ್ದು.

“ನಾನು ಅಶ್ರಫಾಕ,” ಎಂದ ಫಯಾಝ್. “ಗಡಿಬಿಡಿಯಲ್ಲಿ...”

ಅಶ್ರಫ್ ಅವನನ್ನೂ ಮೂಸಾರನ್ನೂ ನೋಡಿ, ತಿರುಗಿ ಹೋದ. ಮೂಸಾ ಬೆಂಚಿನಿಂದ ಏಳಲಿಲ್ಲ.

ಬಾಣಂತಿ ಮಗು ಮನೆಗೆ ಬಂದರು. ಮಗುವಿಗೆ ಶಹನಾಝ್ ಎಂದು ಹೆಸರಾಯಿತು. ಸಾಲಿಹಾ ಗಂಡನನ್ನು ದಿನಕ್ಕೊಮ್ಮೆ ಅಡುಗೆಮನೆಯಲ್ಲಿ ಹಿಡಿಯುತ್ತಿದ್ದರು.

“ಹುಡುಗ ನಿಮ್ಮ ತಪ್ಪು ತಲೆಯ ಮೇಲೆ ಹೊತ್ತುಕೊಂಡಿದ್ದಾನೆ. ಪುದಿಯಾಪ್ಳೆ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಹೋಗಿ ಹೇಳಿ.”

“ಹೇಳ್ತೇನೆ. ಕಿವಿಯ ಪರೀಕ್ಷೆ ಒಂದು ಆಗಲಿ.”

“ಬೇಕಾದ್ರೆ ಶಿಫಾಳ ಹತ್ತಿರ ಹೇಳಿಸುವ.”

“ಹೇಳಿಸ್ಲಿಕ್ಕೆ ಇದು ಪೆಟ್ರೋಲಿನ ಮಾತಾ?” ಎಂದ ಮೂಸಾ ಗಂಜಿಯ ಬಟ್ಟಲನ್ನು ಹಾಗೆಯೇ ಸರಿಸಿ ಎದ್ದುಹೋದರು. ಮಗುವಿಗೆ ಕೇಳದಿದ್ದರೆ ಯಾವ ಬಾಯಿಯಲ್ಲಿ ಹೇಳುವುದು? ಹುಟ್ಟುವ ಮೊದಲೇ ಮೊಮ್ಮಗಳ ಕಿವಿ ಕಿತ್ತುಕೊಂಡವನು ನಾನು ಎಂದೇ?

ಪರೀಕ್ಷೆಯ ತನಕ ಕಾಯಿರಿ ಎಂದಿದ್ದರು ಡಾಕ್ಟರಮ್ಮ. ಕಾಯುವ ತಾಳ್ಮೆ ಆ ಮನೆಯಲ್ಲಿ ಯಾರಿಗಿತ್ತು? ಸಾಲಿಹಾ ತೊಟ್ಟಿಲ ಹಿಂದೆ ಬಳೆ ಕುಲುಕಿ ನೋಡಿದರು. ಫಯಾಝ್ ಮೊಬೈಲ್ ರಿಂಗ್ ಮಾಡಿಸಿದ. ಶಿಫಾನಾ ಬಾಗಿಲು ಮುಚ್ಚಿಕೊಂಡು ಚಿಟಿಕೆ ಹೊಡೆಯುತ್ತಿದ್ದಳು. ಶನಿವಾರ ಬಂದ ಅಶ್ರಫ್ ಮಗುವಿನ ಬೆನ್ನ ಹಿಂದೆ ನಿಂತು ಜೋರಾಗಿ ಕೆಮ್ಮಿ, ಯಾರೋ ಬಂದದ್ದು ಕಂಡು ಗಂಟಲು ಸರಿಯಿಲ್ಲದವನಂತೆ ನೀರು ಕೇಳಿದ. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಮಗು ಒಮ್ಮೆ ಕಣ್ಣು ಹೊರಳಿಸುತ್ತಿತ್ತು. ಅದು ಬಳೆಗೋ, ಹಾರಿದ ನೊಣಕ್ಕೋ ಹೇಳುವವರಿಲ್ಲ. ಇನ್ನೊಮ್ಮೆ ರಸ್ತೆಯಲ್ಲಿ ಬಸ್ಸಿನ ಹಾರ್ನಿಗೆ ಜಲಜಾಕ್ಷಿಯ ಬೆಕ್ಕು ಬೆದರಿ ಗೋಡೆ ಹಾರಿತು, ಮಗು ರೆಪ್ಪೆ ಅಲುಗಿಸದೆ ಮಲಗಿತ್ತು. ಆ ದಿನ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ.

ಸೋಮವಾರ ಪರೀಕ್ಷೆಗೆ ಹೋಗುವುದೆಂದಿತ್ತು; ಅದರ ಹಿಂದಿನ ಶನಿವಾರ ಮಧ್ಯಾಹ್ನ ಮೂಸಾ ಅಂಗಡಿಯಿಂದ ಬೇಗ ಬಂದರು. ಕೈಯಲ್ಲಿ ಮದುವೆ ಮನೆಯ ಬಿರಿಯಾನಿ ಪಾತ್ರೆಗೆ ಮುಚ್ಚುವ ಅಗಲವಾದ ಸ್ಟೀಲ್ ಮುಚ್ಚಳ, ಒಂದು ಸೌಟು. ಅಶ್ರಫ್ ಊಟಕ್ಕೆ ಕೂತಿದ್ದ. ಉಳಿದವರು ಬಡಿಸುವುದರಲ್ಲಿದ್ದರು. ಕೋಣೆಯಲ್ಲಿ ಮಗು ಒಂದೇ, ಎಚ್ಚರವಾಗಿ ಮಲಗಿ ಮುಷ್ಟಿ ಚೀಪುತ್ತಿತ್ತು. ಮೂಸಾ ತೊಟ್ಟಿಲ ತಲೆಯ ಕಡೆ, ಮಗುವಿನ ಕಣ್ಣಿಗೆ ಬೀಳದಂತೆ ನಿಂತರು. ಬಿಸ್ಮಿಲ್ಲಾ ಎಂದು ಕಣ್ಣು ಮುಚ್ಚಿ ಬಡಿದರು.

ಮನೆಯ ಗೋಡೆಗಳೆಲ್ಲ ಝಣಗುಟ್ಟಿದವು. ಆ ಸದ್ದಿನ ಒಳಗಿಂದಲೇ ಮಗುವಿನ ಅಳು ಕಿತ್ತುಕೊಂಡು ಬಂತು.

ಎಲ್ಲರೂ ಓಡಿ ಬಂದರು. ಶಿಫಾನಾ ಮಗುವನ್ನು ಬಾಚಿಕೊಂಡಳು. ಅಶ್ರಫ್‌ನ ಎಂಜಲು ಕೈಯಿಂದ ಸಾರು ಸೋರುತ್ತಿತ್ತು.

“ಯಾರು ಬಡಿದದ್ದು?”

“ಪಾತ್ರೆ ಬಿದ್ದದ್ದು...” ಎಂದರು ಸಾಲಿಹಾ. “ನಾನು...” ಎಂದು ಫಯಾಝ್ ಮುಂದೆ ಬಂದ.

“ಅವನಲ್ಲ,” ಎಂದರು ಮೂಸಾ. “ನಾನು. ಬಡಿದದ್ದೂ ನಾನು. ಆವತ್ತು ಬಂಕಿನಲ್ಲಿ ಹೈಸ್ಪೀಡ್ ಹಾಕು ಅಂತ ಹೇಳಿದ್ದೂ ನಾನೇ. ಸ್ಪೀಡಿಗಿಂತ ಒಳ್ಳೆಯದ್ದು ಅಂತ ಗ್ರಹಿಸಿದೆ. ನಿಮ್ಮ ಹತ್ತಿರ ಒಂದು ಮಾತು ಕೇಳ್ಲಿಕ್ಕೆ ಹೆದರಿದೆ.”

ಮಗು ಒಂದೇ ಸಮನೆ ಅಳುತ್ತಿತ್ತು.

“ನನಗೆ ಗೊತ್ತಿತ್ತು,” ಎಂದ ಅಶ್ರಫ್. “ಗಾಡಿ ಬಿಡುವವ ಯಾರೂ ಆ ತಪ್ಪು ಮಾಡುವುದಿಲ್ಲ. ಫಯಾಝ್ ಸುಳ್ಳು ಹೇಳಿದ ಅಂತಲೇ ಅವನ ಹತ್ತಿರ ಮಾತು ಬಿಟ್ಟದ್ದು. ನಿಮ್ಮ ಹತ್ತಿರ ಕೇಳುವುದು ಹೇಗೆ ಅಂತ ನನಗೂ ಹೆದರಿಕೆ.” ಅವನು ತೊಟ್ಟಿಲನ್ನೂ ಮುಚ್ಚಳವನ್ನೂ ನೋಡಿದ. “ಅದು ತೊಟ್ಟಿಲಿಗೆ ತಾಗಿತಾ?”

“ಇಲ್ಲ.”

“ಮಗು ನಿಮ್ಮನ್ನು ನೋಡಿತಾ?”

“ಇಲ್ಲ. ನಾನು ಹಿಂದೆ ನಿಂತದ್ದು.”

ಶಿಫಾನಾ ಮಗುವನ್ನು ಹೆಗಲಿಗೆ ಹಾಕಿ ತಟ್ಟಿದಳು. ಅಳು ಬಿಕ್ಕಾಗಿ, ಬಿಕ್ಕು ನಿಂತಿತು. ಅಶ್ರಫ್ ಮಗುವಿನ ಮುಖ ಗೋಡೆಯ ಕಡೆ ಬರುವಂತೆ ಹೆಂಡತಿಯನ್ನು ಮೆಲ್ಲನೆ ತಿರುಗಿಸಿದ.

“ಇನ್ನೊಮ್ಮೆ ಬಡಿಯಿರಿ, ಮಾಮ.”